ಆರು ಹತ್ತಕ್ಕೆ ತೆರೆದ ಬಾಗಿಲು

ಹೋದ ತಿಂಗಳು ಟೋಕಿಯೋದ ನಮ್ಮ ವಾರ್ಡ್ ಕಚೇರಿಗೆ ಒಂದು ಅರ್ಜಿ ಕೊಡಲು ಹೋಗಿದ್ದೆ. ಅಭ್ಯಾಸಬಲದಿಂದ ಬ್ಯಾಗಿನಿಂದ ನನ್ನ ಹಾಂಕೋ, ಅಂದರೆ ಹೆಸರಿನ ಮೊಹರು ತೆಗೆದರೆ, ಕೌಂಟರಿನ ಹುಡುಗಿ ನಯವಾಗಿ ತಲೆಬಾಗಿ, "ಈಗ ಅದೆಲ್ಲ ಬೇಡ, ಸಹಿ ಮಾಡಿದರೆ ಸಾಕು" ಎಂದಳು. ಅಷ್ಟರಲ್ಲಿ ನಾನು ಕೆಂಪು ಶಾಯಿಯ ಪುಟ್ಟ ಡಬ್ಬಿಯ ಮುಚ್ಚಳ ತೆರೆದಾಗಿತ್ತು. ಹರಳೆಣ್ಣೆಯದೋ ಕರ್ಪೂರದ್ದೋ ಎಂದು ಹೇಳಲಾಗದ ಆ ವಾಸನೆ ಮೂಗಿಗೆ ಬಡಿಯಿತು. ಅರ್ಜಿಯನ್ನು ಅಲ್ಲೇ ಬಿಟ್ಟು ಹೋಗಿ ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಕಣ್ಣಿಗೆ ಕಂಡದ್ದು ಒಂದೇ: ಮೂವತ್ತೊಂದನೆಯ ಪುಟ.

ಕೊರೊನಾದ ಮೊದಲ ವರ್ಷ ಅದು. ಮಾರ್ಚಿನಲ್ಲಿ ಮಗಳು ಅನಘಾಳ ಶಾಲೆ ಮುಚ್ಚಿತು, ಏಪ್ರಿಲ್‌ನಲ್ಲಿ ನನ್ನ ಕೆಲಸ ಹೋಯಿತು. ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿನಿಂದ ಜಪಾನಿಗೆ, ಜಪಾನಿಯಿಂದ ಇಂಗ್ಲಿಷಿಗೆ ಅನುವಾದಿಸುವುದು ನನ್ನ ವೃತ್ತಿ. ಕಾರ್ಖಾನೆಗಳೇ ಬಾಗಿಲು ಹಾಕಿದ ಮೇಲೆ ಕೈಪಿಡಿ ಯಾರಿಗೆ ಬೇಕು? ಗಂಡ ರಘು ಊಟದ ಮೇಜನ್ನು ಆಫೀಸು ಮಾಡಿಕೊಂಡು ಬೆಳಗಿನಿಂದ ಬೆಂಗಳೂರಿನವರ ಜೊತೆ ಕಿರುಚಾಡುತ್ತಿದ್ದ. ಮಗಳು ಮಲಗುವ ಕೋಣೆಯಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದಳು. ನನಗೆ ಉಳಿದದ್ದು ಅಡುಗೆಮನೆ ಮತ್ತು ಬಾಲ್ಕನಿ. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಎರಡೇ ವಾರದಲ್ಲಿ ಮನೆಯವರೆಲ್ಲರ ತಲೆ ತಿನ್ನತೊಡಗಿದೆ.

ನಮ್ಮ ಫುನಾಬೊರಿಯ ಮನೆಯ ಕೆಳಗೆ, ನೆಲಮಹಡಿಯಲ್ಲಿ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ಒಬ್ಬರೇ ಇದ್ದರು. ತೊಂಬತ್ತೈದು ವರ್ಷ, ಒಂದು ಕಿವಿ ಪೂರ್ತಿ ಮಂದ, ಬೆನ್ನು ಮಾತ್ರ ನೆಟ್ಟಗೆ. ಏಪ್ರಿಲ್ ಕೊನೆಯ ಒಂದು ಬೆಳಗ್ಗೆ ಅವರು ತಮ್ಮ ಪುಟ್ಟ ತೋಟದಲ್ಲಿ ನಿಂತು ನನ್ನ ಬಾಲ್ಕನಿಯ ಕಡೆ ತಲೆ ಎತ್ತಿ, "ಸುಮಾ ಸಾನ್, ನಿಮಗೆ ಇಂಗ್ಲಿಷ್ ಬರುತ್ತಂತಲ್ಲ?" ಎಂದು ಕೂಗಿದರು.

ಯುದ್ಧದ ಕಾಲದಲ್ಲಿ ಅವರು ಬಲೆ ಹಾಕುವ ಹಡಗಿನಲ್ಲಿ ನಾವಿಕರಾಗಿದ್ದರು. ಮೀನಿನ ಬಲೆಯಲ್ಲ. ಶತ್ರುವಿನ ಜಲಾಂತರ್ಗಾಮಿಗಳು ಬಂದರಿನೊಳಗೆ ನುಸುಳದಂತೆ ಸಮುದ್ರದ ಮೇಲಿನಿಂದ ತಳದವರೆಗೆ ಇಳಿಬಿಡುವ ಉಕ್ಕಿನ ಬಲೆ. ಆ ಹಡಗಿನಲ್ಲಿ ಬದುಕಿ ಉಳಿದವರದ್ದೊಂದು ಸಂಘವಿತ್ತು. ಹಡಗಿನ ಸೇವಾಚರಿತ್ರೆಯನ್ನು ಪುಸ್ತಕ ಮಾಡಬೇಕೆಂದು ನಲವತ್ತು ವರ್ಷಗಳಿಂದ ಮಾತಾಡುತ್ತಲೇ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಆ ಚಳಿಗಾಲದಲ್ಲಿ ಸಂಘದ ಕಾರ್ಯದರ್ಶಿಯೂ ಹೋದ ಮೇಲೆ, ಅವರ ಮನೆಯವರು ಕಾಗದಗಳ ಪೆಟ್ಟಿಗೆಯನ್ನು ಮೊರಿತಾ ಸಾನ್ ಹೆಸರಿಗೆ ಕಳಿಸಿದ್ದರು. ಉಳಿದವರು ಅವರೊಬ್ಬರೇ. ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಅಮೆರಿಕದಿಂದ ಎಂದೋ ತರಿಸಿದ ಇಂಗ್ಲಿಷ್ ದಾಖಲೆಗಳ ನಕಲುಗಳು. ಓದಿದವರು ಯಾರೂ ಇರಲಿಲ್ಲ.

ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲದ ಕಾಲ. ನಾನು ಮೈಸೂರಿನಲ್ಲಿ ಅಜ್ಜಿ ಮಾಡುತ್ತಿದ್ದಂತೆ ಮಾಡಿದೆ. ಸೊಪ್ಪಿನವಳು ಕೂಗಿದರೆ ಅಜ್ಜಿ ಮಹಡಿಯಿಂದ ಬುಟ್ಟಿ ಇಳಿಬಿಡುತ್ತಿದ್ದಳು. ನಾನೂ ನೂರು ಯೆನ್ ಅಂಗಡಿಯಿಂದ ಬುಟ್ಟಿ, ಹಗ್ಗ ತಂದು ಬಾಲ್ಕನಿಯಿಂದ ಇಳಿಸಿದೆ. ಅದರಲ್ಲಿ ಕಾಗದಗಳು ಮೇಲೆ ಬಂದವು, ಬರೆದ ಹಾಳೆಗಳು ಕೆಳಗೆ ಹೋದವು. ಮೊದಲ ದಿನ ಅವರು ಬುಟ್ಟಿ ಹಿಡಿದು ನನ್ನ ಗಂಟನ್ನೇ ನೋಡುತ್ತ ನಿಂತರು.

"ಇದನ್ನು ಯಾರು ಕಟ್ಟಿದ್ದು?"

"ನಾನೇ."

"ನಮ್ಮ ಹಡಗಿನಲ್ಲಾಗಿದ್ದರೆ ನಿಮಗೆ ಆ ದಿನ ಊಟ ಇಲ್ಲ" ಎಂದು ಗಂಟು ಬಿಚ್ಚಿ ತಾವೇ ಬೇರೆ ಗಂಟು ಹಾಕಿ ಕಳಿಸಿದರು.

ಸ್ವಭಾವವೇ ಹಾಗೆ. ಕಂಪ್ಯೂಟರಿನಲ್ಲಿ ಟೈಪು ಮಾಡುತ್ತೇನೆ ಎಂದರೆ ಬೇಡ, ಚೌಕುಳಿ ಹಾಳೆಯಲ್ಲಿ ಕೈಯಲ್ಲೇ ಬರೆಯಬೇಕು. ಒಮ್ಮೆ ಒಂದು ಅಕ್ಷರ ತಪ್ಪಾಗಿ, ಬಿಳಿ ಶಾಯಿ ಬಳಿದು ಮೇಲೆ ಬರೆದೆ. ಆ ಹಾಳೆ ಹಾಗೆಯೇ ವಾಪಸು ಬಂತು. "ಹಡಗಿನ ದಿನಚರಿಯಲ್ಲಿ ಏನನ್ನೂ ಅಳಿಸಬಾರದು" ಎಂದರು. "ತಪ್ಪಿನ ಮೇಲೆ ಎರಡು ಗೆರೆ ಎಳೀರಿ. ತಪ್ಪು ಓದಲು ಬರುತ್ತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಹಾಂಕೋ ಒತ್ತಿ. ತಿದ್ದಿದವರು ಯಾರು ಅಂತ ಗೊತ್ತಾಗಬೇಕಲ್ಲ?" ಬ್ಯಾಂಕಿನ ಖಾತೆಗಾಗಿ ಮಾಡಿಸಿದ, 'ಸುಮಾ' ಎಂದು ಜಪಾನಿ ಅಕ್ಷರಗಳಲ್ಲಿ ಕೊರೆದ ನನ್ನ ಮೊಹರಿಗೆ ಅಂದಿನಿಂದ ಕೆಲಸ ಬಂತು. ಮೊದಮೊದಲು ಈ ಮುದುಕನ ಕಾಟ ಸಾಕಪ್ಪಾ ಅನ್ನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೆಳಗಾದರೆ ಬಾಲ್ಕನಿಗೆ ಓಡುವವಳೂ ನಾನೇ.

ಹಡಗಿನ ಬದುಕು ಹಾಳೆ ಹಾಳೆಯಾಗಿ ಕಣ್ಣ ಮುಂದೆ ಬಿಚ್ಚಿಕೊಂಡಿತು. ಫಿರಂಗಿ ಲೆಕ್ಕಕ್ಕಷ್ಟೇ. ಯಾವ ಯುದ್ಧವನ್ನೂ ಗೆಲ್ಲದ, ಯಾವ ಪತ್ರಿಕೆಯಲ್ಲೂ ಹೆಸರು ಬಾರದ ಹಡಗು. ಬಂದರಿನಿಂದ ಬಂದರಿಗೆ ಹೋಗಿ ಬಲೆ ಇಳಿಸುವುದು, ಪಾಚಿ ಹಿಡಿದ ಬಲೆಯನ್ನು ಮೇಲೆತ್ತಿ ತೊಳೆಯುವುದು, ಹರಿದಲ್ಲಿ ತಂತಿ ಹೆಣೆಯುವುದು. ಕೊನೆಗೆ ದಕ್ಷಿಣ ಸಮುದ್ರದ ಒಂದು ದ್ವೀಪದಲ್ಲಿ ಅದು ಬಲೆ ಹಾಕಿದಾಗ, ಮೊರಿತಾ ಸಾನ್ ಅವರನ್ನು ಬಲೆಯ ಬಾಗಿಲು ಕಾಯಲು ಅಲ್ಲಿಯೇ ಇಳಿಸಿ ಹೋಯಿತು. ಬಲೆಗೂ ಒಂದು ಬಾಗಿಲಿರುತ್ತದೆ. ತಮ್ಮ ಕಡೆಯ ಹಡಗು ಬಂದರೆ ವಿಂಚ್‌ನಿಂದ, ಅಂದರೆ ತಂತಿಹಗ್ಗ ಸುತ್ತುವ ಯಂತ್ರದಿಂದ, ಬಲೆಯ ಒಂದು ತುಂಡನ್ನು ಪಕ್ಕಕ್ಕೆ ಎಳೆಯಬೇಕು. ಒಳಗೆ ಬಂದ ಮೇಲೆ ಮುಚ್ಚಬೇಕು.

"ನಮ್ಮ ನೌಕಾಪಡೆ ಎಲ್ಲಿ ಹೋದರೂ ಟೋಕಿಯೋದ ಗಡಿಯಾರವನ್ನೇ ಇಟ್ಟುಕೊಳ್ಳುತ್ತಿತ್ತು" ಎಂದು ಮೇ ತಿಂಗಳ ಒಂದು ದಿನ ನಗುತ್ತ ಹೇಳಿದರು. "ಆ ದ್ವೀಪದಲ್ಲಿ ಹನ್ನೊಂದು ಗಂಟೆಗೇ ಸೂರ್ಯ ನೆತ್ತಿಯ ಮೇಲೆ. ಹೊಟ್ಟೆ ಸೂರ್ಯನ ಮಾತು ಕೇಳುತ್ತಿತ್ತು, ಅಡುಗೆಯವನು ಟೋಕಿಯೋ ಮಾತು ಕೇಳುತ್ತಿದ್ದ." ನಾನೂ ನಕ್ಕೆ. ಅದನ್ನು ನನ್ನ ಕೈಯಾರೆ ಹನ್ನೆರಡನೆಯ ಪುಟದಲ್ಲಿ ಬರೆದೆ. ಬರೆದು ಮರೆತೆ.

ಜೂನಿನ ಮಳೆಗಾಲ ಕಳೆಯಿತು, ಇಲ್ಲಿ ಅದರ ಹಿಂದೆಯೇ ಬರುವ ಬೇಸಿಗೆಯ ಧಗೆ ಕಳೆಯಿತು. ದಿನಾ ಸಂಜೆ ಐದಕ್ಕೆ ವಾರ್ಡಿನ ಧ್ವನಿವರ್ಧಕ ಗಂಟೆ ಬಾರಿಸಿ, ಮನೆಯಲ್ಲೇ ಇರಿ ಎಂದು ಹೇಳಿ ಸುಮ್ಮನಾಗುತ್ತಿತ್ತು. ಡಿಸೆಂಬರಿನಲ್ಲಿ ಕಾಯಿಲೆ ಮತ್ತೆ ಏರತೊಡಗಿದಾಗ ಮೊರಿತಾ ಸಾನ್ ಪೆಟ್ಟಿಗೆಯ ತಳದಲ್ಲಿದ್ದ ಕಾಗದವನ್ನು ಕಳಿಸಿದರು. ಒಂದು ಅಮೆರಿಕನ್ ಜಲಾಂತರ್ಗಾಮಿಯ ವರದಿಯ ನಾಲ್ಕು ಪುಟ. ಆ ದ್ವೀಪದ ಬಳಿ ಅದು ಒಂದು ಸರಕು ಹಡಗಿಗೆ ಟಾರ್ಪೆಡೊ ಹೊಡೆದದ್ದರ ವಿವರ. ಚುಕ್ಕೆ ಚುಕ್ಕೆಯಾದ ಟೈಪು, ತುಂಡು ತುಂಡು ವಾಕ್ಯಗಳು. ಮಾರನೆಯ ಬೆಳಗ್ಗೆ ಅವರು ಕೆಳಗೆ ಕಾದು ನಿಂತಿದ್ದರು. ಕೋಟಿನ ಮೇಲೆ ಕೋಟು, ಮುಖಕ್ಕೆ ಸರ್ಕಾರ ಹಂಚಿದ ಪುಟ್ಟ ಬಟ್ಟೆಯ ಮಾಸ್ಕು.

"ಎಷ್ಟು ಹೊತ್ತಿಗೆ?" ಎಂದರು.

ನಾನೋ, ರಾತ್ರಿಯೆಲ್ಲ ತಿಣುಕಿ ಓದಿ ಮುಗಿಸಿದ ಖುಷಿಯಲ್ಲಿದ್ದೆ. ಕ್ರಿಕೆಟ್ ಸ್ಕೋರು ಕೂಗುವವಳಂತೆ ಕಟಕಟೆಯ ಮೇಲೆ ಬಗ್ಗಿ, "ಆರು ಇಪ್ಪತ್ತು! ಬೆಳಗ್ಗೆ ಆರು ಇಪ್ಪತ್ತಕ್ಕೆ ಹೊಡೆದಿದ್ದಾರೆ!" ಎಂದು ಕೂಗಿದೆ.

ಅವರು ನನಗೆ ಆಳವಾಗಿ ತಲೆಬಾಗಿ, ಅರಿಗಾತೋ ಎಂದು ಧನ್ಯವಾದ ಹೇಳಿ ಒಳಗೆ ಹೋದರು. ಬುಟ್ಟಿ ಸಂಜೆಯವರೆಗೂ ಖಾಲಿ ತೂಗಾಡಿತು.

ಮೂರನೆಯ ದಿನ ಬುಟ್ಟಿಯಲ್ಲಿ ಒಂದು ಹಳೆಯ ಜೇಬುಪುಸ್ತಕ ಮತ್ತು ಪತ್ರ ಬಂದವು. ಪತ್ರ ಚಿಕ್ಕದು. ಆ ಸರಕು ಹಡಗಿನಲ್ಲಿ ಕುಬೋ ಇದ್ದ. ಅವರದೇ ಊರಿನವನು, ಒಟ್ಟಿಗೆ ನೌಕಾಪಡೆ ಸೇರಿದ ಗೆಳೆಯ, ಬಲೆಗೆ ಬೇಕಾದ ತೇಲುಗುಂಡುಗಳನ್ನು ತರಲು ಹೋಗಿದ್ದವನು. ಬಾಗಿಲು ತೆರೆಯಲು ಆಜ್ಞೆ ಇದ್ದದ್ದು ಐದೂವರೆಗೆ. ಹಿಂದಿನ ಸಂಜೆ ಮೊರಿತಾ ತಂತಿಹಗ್ಗವನ್ನು ಅಡ್ಡಾದಿಡ್ಡಿ ಸುತ್ತಿಟ್ಟಿದ್ದರು. ಬೆಳಗ್ಗೆ ಅದು ಸಿಕ್ಕಿಕೊಂಡಿತು. ಬಾಗಿಲು ತೆರೆದಾಗ ಆರು ಹತ್ತು. ಗುಡ್ಡದ ಮೇಲೆ 'ತೆರೆದಿದೆ' ಎಂಬ ಧ್ವಜ ಏರುವವರೆಗೂ ಬರುವ ಹಡಗು ಭೂಶಿರದ ಆಚೆಗೇ ಕಾಯಬೇಕು. ವಿಂಚಿನ ಎಂಜಿನ್ ಸದ್ದಿನಲ್ಲಿ ಅವರಿಗೇನೂ ಕೇಳಿಸಿರಲಿಲ್ಲ. ಹಡಗು ಬರಲೇ ಇಲ್ಲ. ಅದು ಮುಳುಗಿದ್ದು ತಿಳಿದದ್ದು ಮಧ್ಯಾಹ್ನ. ಎಷ್ಟು ಹೊತ್ತಿಗೆ ಎಂದು ಯಾರಿಗೂ ತಿಳಿದಿರಲಿಲ್ಲ, ಯಾರೂ ಅವರನ್ನು ಕೇಳಲೂ ಇಲ್ಲ. "ಎಪ್ಪತ್ತಾರು ವರ್ಷ ಕಾದೆ" ಎಂದು ಬರೆದಿದ್ದರು. "ಐದೂವರೆಗೆ ತೆರೆದಿದ್ದರೆ ಆರು ಇಪ್ಪತ್ತರ ಹೊತ್ತಿಗೆ ಕುಬೋ ಬಂದರಿನೊಳಗೆ ಇರುತ್ತಿದ್ದ. ತಿಳಿಸಿದ್ದಕ್ಕೆ ಉಪಕಾರವಾಯಿತು. ಇದನ್ನು ಇದ್ದಂತೆಯೇ ಬರೆಯಿರಿ. ನನ್ನ ಹೆಸರನ್ನೂ ಬರೆಯಿರಿ."

 ಹೀಗೆಂದು ಗೊತ್ತಿದ್ದರೆ ಹಾಗೆ ಕೂಗುತ್ತಿದ್ದೆನಾ? ಸುಳ್ಳಾದರೂ ಹೇಳಿಬಿಡುತ್ತಿದ್ದೆನೇನೋ. ಬರೆಯುವುದಿಲ್ಲ ಎಂದು ಹಟ ಹಿಡಿದೆ. ಅವರು ಎರಡು ದಿನ ಬುಟ್ಟಿಯನ್ನು ಮುಟ್ಟಲಿಲ್ಲ. ಕೊನೆಗೆ ಬರೆದೆ. ಮೂವತ್ತೊಂದನೆಯ ಪುಟ, ಬಾಗಿಲು ತೆರೆದದ್ದು ಆರು ಹತ್ತು, ನಾವಿಕ ಮೊರಿತಾನ ತಪ್ಪಿನಿಂದ ನಲವತ್ತು ನಿಮಿಷ ತಡ, ಹಡಗು ಹೊಡೆತ ತಿಂದದ್ದು ಆರು ಇಪ್ಪತ್ತು. ಹೊಸ ವರ್ಷದ ನಂತರ ಅವರು ತೋಟಕ್ಕೆ ಬರುವುದನ್ನು ಬಿಟ್ಟರು. ನಾನು ಸಾರು, ಅನ್ನ ಬುಟ್ಟಿಯಲ್ಲಿಟ್ಟು ಇಳಿಸಿದರೆ ಮುಟ್ಟದೆ ಹಾಗೆಯೇ ಇರುತ್ತಿತ್ತು. ಫೆಬ್ರವರಿಯ ಮೊದಲ ವಾರ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದರು. ಚಿಬಾದಲ್ಲಿದ್ದ ಅವರ ಮಗಳು ಕಯೋಕೊ ಸಾನ್ ಫೋನ್ ಮಾಡಿ, "ಕೊರೊನಾ ಅಲ್ಲ, ಆದರೂ ನೋಡಲು ಯಾರನ್ನೂ ಬಿಡುವುದಿಲ್ಲ. ಈ ವಾರ ದಾಟಿದರೆ ನೋಡೋಣ ಅಂತಾರೆ ಡಾಕ್ಟರು. ಅಪ್ಪ ಏನನ್ನೂ ತಿನ್ನುತ್ತಿಲ್ಲ" ಎಂದರು.

ಅದೇ ವಾರ ಮೈಸೂರಿನಲ್ಲಿ ಚಿಕ್ಕಮ್ಮನ ಮಗಳು ರಶ್ಮಿಯ ಮದುವೆ. ಮುಹೂರ್ತ ಒಂಬತ್ತು ಇಪ್ಪತ್ತಕ್ಕೆ, ನಮಗೆಲ್ಲ ಆನ್‌ಲೈನ್ ದರ್ಶನ. ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ 9.20 ಎಂದು ಗೀಚಿದ್ದೆ. ಬೆಳಗ್ಗೆ ಎದ್ದು ರೇಷ್ಮೆ ಸೀರೆ ಉಟ್ಟು, ಜಡೆಗೆ ಕೊಂಬಿನಿಯ, ಅಂದರೆ ದಿನವಿಡೀ ತೆರೆದಿರುವ ದಿನಸಿ ಅಂಗಡಿಯ ಪಕ್ಕದ ಹೂವಂಗಡಿಯಿಂದ ತಂದ ಹೂ ಸಿಕ್ಕಿಸಿಕೊಂಡು, ಅಕ್ಷತೆ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ. ಒಂಬತ್ತು ಇಪ್ಪತ್ತಾಯಿತು. ಪರದೆ ಕಪ್ಪಗೇ ಇತ್ತು. ಒಂಬತ್ತೂವರೆ. ಯಾರೂ ಇಲ್ಲ.

ರಘು ಕಾಫಿ ಹಿಡಿದು ಬಂದವನು ನನ್ನನ್ನು ನೋಡಿ ಬಾಯಿ ಬಿಟ್ಟ. "ಏನೇ ಇದು, ಇಷ್ಟೊತ್ತಿಗೇ ರೆಡಿಯಾಗಿ ಕೂತಿದೀಯ? ಅಲ್ಲಿನ್ನೂ ಬೆಳಕೇ ಹರಿದಿಲ್ಲ ಮಾರಾಯ್ತಿ! ಮುಹೂರ್ತ ಅವರ ಒಂಬತ್ತು ಇಪ್ಪತ್ತಕ್ಕೆ. ನಮಗೆ ಹನ್ನೆರಡೂ ಐವತ್ತು."

ಅನಘಾ ಕೋಣೆಯಿಂದ ಇಣುಕಿ ನಕ್ಕಳು. "ಅಮ್ಮಾ, ಯು ಡು ದಿಸ್ ಕ್ಯಾಲ್ಕುಲೇಷನ್ ಎವ್ರಿ ಡೇ! ಅಜ್ಜಿಗೆ ಫೋನ್ ಮಾಡೋವಾಗ ಮಾತ್ರ ಕರೆಕ್ಟಾಗಿ ಮಾಡ್ತೀಯ."

"ಥೂ, ನನ್ನ ತಲೆಗಿಷ್ಟು" ಎಂದು ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು.  ಬರೆದ ಹೊತ್ತು ಯಾರ ಗಡಿಯಾರದ್ದು ಎಂದು ನೋಡದೆ ಕೂತಿದ್ದು ಇದೊಂದು ಸಲವೇನಾ?

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿಯಲ್ಲಿ ಬಂದಿದ್ದ ಕಾಗದಗಳನ್ನೆಲ್ಲ ನೆಲದ ಮೇಲೆ ಸುರಿದೆ. ಅಮೆರಿಕನ್ ವರದಿಯಲ್ಲಿ ಪ್ರತಿ ಸಮಯದ ಪಕ್ಕ ಒಂದು ಪುಟ್ಟ ಅಕ್ಷರವಿತ್ತು. ಗುಮಾಸ್ತನ ಗುರುತು ಇರಬೇಕೆಂದು ನಾನು ಬಿಟ್ಟುಬಿಟ್ಟಿದ್ದೆ. ಹುಡುಕಿ ನೋಡಿದರೆ ಅದು ಯಾವ ಗಡಿಯಾರ ಎಂದು ಹೇಳುವ ಅಕ್ಷರ: ಟೋಕಿಯೋಗಿಂತ ಒಂದು ಗಂಟೆ ಮುಂದೆ. ಆದರೂ ಧೈರ್ಯ ಸಾಲಲಿಲ್ಲ. ಒಮ್ಮೆ ತಪ್ಪು ಹೇಳಿದ ಬಾಯಿ. ಮೊರಿತಾ ಸಾನ್ ಅವರ ಜೇಬುಪುಸ್ತಕ ತೆರೆದೆ. ಸೂರ್ಯ ಹುಟ್ಟಿದ ಮೇಲೆಯೇ ಬಾಗಿಲು ತೆರೆಯಬೇಕಾದ್ದರಿಂದ ದಿನದಿನದ ಸೂರ್ಯೋದಯ ಬರೆದಿಟ್ಟಿದ್ದರು. ಆ ದಿನ ಐದು ಹದಿನೈದು. ಅಮೆರಿಕನ್ನರ ವರದಿಯಲ್ಲಿ ಟಾರ್ಪೆಡೊ ಬಡಿದ ಸಾಲಿನ ಹಿಂದೆಯೇ, ಸೂರ್ಯ ಹುಟ್ಟಿ ಐದು ನಿಮಿಷ ಎಂದಿತ್ತು. ಒಂದೇ ಕಡಲಲ್ಲಿ ಒಂದೇ ದಿನ ಸೂರ್ಯ ಎರಡು ಸಲ ಹುಟ್ಟುವುದಿಲ್ಲವಲ್ಲ. ಅವರ ಆರು ಇಪ್ಪತ್ತು ಎಂದರೆ ಟೋಕಿಯೋ ಹೊತ್ತು ತೋರಿಸುವ ಮೊರಿತಾ ಸಾನ್ ಗಡಿಯಾರದಲ್ಲಿ ಐದು ಇಪ್ಪತ್ತು. ಬಾಗಿಲು ತೆರೆಯಬೇಕಿದ್ದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಕುಬೋನ ಹಡಗು ಹೊಡೆತ ತಿಂದಿತ್ತು. ವಿಂಚ್ ಎಷ್ಟು ಚೆನ್ನಾಗಿ ತಿರುಗಿದ್ದರೂ ಅವನು ಬರುತ್ತಿರಲಿಲ್ಲ.

"ನಾನು ಒಬ್ಬ ಮನುಷ್ಯನನ್ನು ಸಾಯಿಸ್ತಾ ಇದೀನಿ ಕಣೋ" ಎಂದು ರಘುವಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಅವನು ಕಾಲ್ ಮ್ಯೂಟ್ ಮಾಡಿ, "ಅತ್ತಿದ್ದು ಸಾಕು. ಮೊದಲು ಆ ಮಗಳಿಗೆ ಫೋನ್ ಮಾಡು" ಎಂದ.

ಕಯೋಕೊ ಸಾನ್ ಆಸ್ಪತ್ರೆಗೆ ಫೋನ್ ಮಾಡಿದರು. ನರ್ಸ್ ಮೊರಿತಾ ಸಾನ್ ಅವರ ಕಿವಿಯ ಬಳಿ ಬಗ್ಗಿ ಎಲ್ಲವನ್ನೂ ಹೇಳಿದರಂತೆ. ಅವರು ತಲೆ ಅಲ್ಲಾಡಿಸಿ ಗೋಡೆ ಕಡೆ ತಿರುಗಿ ಮಲಗಿದರಂತೆ. "ಅಪ್ಪ ನಂಬುತ್ತಿಲ್ಲ, ಸುಮಾ ಸಾನ್. ಸಮಾಧಾನಕ್ಕೆ ಹೇಳ್ತಿದ್ದೀರಿ ಅಂದುಕೊಂಡಿದ್ದಾರೆ. ಬರವಣಿಗೆಯಲ್ಲಿ ಇದ್ದರೆ ಮೂಲ ಹಾಳೆಯನ್ನೇ ತೋರಿಸಿ, ನಕಲು ಬೇಡ ಅಂದರಂತೆ."

ಅವರು ಓದಿ ವಾಪಸು ಕಳಿಸಿದ್ದ ಮೂವತ್ತೊಂದನೆಯ ಪುಟವನ್ನು ಮೇಜಿನ ಮೇಲಿಟ್ಟೆ. ಆರು ಇಪ್ಪತ್ತರ ಮೇಲೆ ಎರಡು ಗೆರೆ ಎಳೆದೆ. ಎರಡನೆಯ ಗೆರೆ ಸೊಟ್ಟಗಾಯಿತು. ಪಕ್ಕದಲ್ಲಿ ಐದು ಇಪ್ಪತ್ತು ಎಂದು ಬರೆದು, ಕೆಂಪು ಶಾಯಿಗೆ ಅದ್ದಿ ನನ್ನ ಹೆಸರು ಒತ್ತಿದೆ. ಅಂಚಿನಲ್ಲಿ ಎರಡು ಗಡಿಯಾರಗಳ ಲೆಕ್ಕ, ಎರಡು ಸೂರ್ಯೋದಯಗಳ ಸಾಲು ಬರೆದೆ. ತಪ್ಪು ಅನುವಾದಕಿಯದು ಎಂದು ಸೇರಿಸಿದೆ. ಅದೇ ಸೀರೆಯ ಮೇಲೆ ಕೋಟು ಹಾಕಿಕೊಂಡು ರೈಲು ಹತ್ತಿದೆ. ರಶ್ಮಿಗೆ ತಾಳಿ ಕಟ್ಟುವ ಹೊತ್ತಿಗೆ ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಿಡಲಿಲ್ಲ. ಗಾಜಿನ ಹಿಂದಿನ ಹೆಂಗಸು ಹಾಳೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ಹೊರಗಿನಿಂದ ಬಂದ ಕಾಗದ ಮೂರು ದಿನ ಬೇರೆ ಇಡುತ್ತೇವೆ. ಆಮೇಲೆ ರೋಗಿಗೆ ಕೊಡುತ್ತೇವೆ" ಎಂದರು.

"ಮೂರು ದಿನವಾ? ಸುಮಿಮಾಸೆನ್, ಕ್ಷಮಿಸಿ, ಅಷ್ಟು ದಿನ ಅವರು..."  ಆಕೆ ತಲೆಬಾಗಿದರು, ನಾನು ತಲೆಬಾಗಿದೆ. ಎಷ್ಟು ಸಲ ಬಾಗಿದರೂ ನಿಯಮ ಮಾತ್ರ ಬಗ್ಗಲಿಲ್ಲ.

 ಆ ಮೂರು ದಿನ ಫೋನ್ ಸದ್ದಾದರೆ ಸೌಟು ಕೈಯಿಂದ ಜಾರುತ್ತಿತ್ತು. ಎರಡನೆಯ ದಿನ ಜ್ವರ ಏರಿತು ಎಂದು ಕಯೋಕೊ ಸಾನ್ ಹೇಳಿದರು. ಮೂರನೆಯ ದಿನ ಆಕ್ಸಿಜನ್ ಹೆಚ್ಚಿಸಿದ್ದಾರೆ ಎಂದರು. ಐದರ ಗಂಟೆ ಬಾರಿಸಿದಾಗಲೆಲ್ಲ, ಇನ್ನೊಂದು ದಿನ ಹೋಯಿತು, ಹಾಳೆ ಇನ್ನೂ ಚೀಲದಲ್ಲೇ ಇದೆ ಎಂದು ಎಣಿಸುತ್ತಿದ್ದೆ. ನಾಲ್ಕನೆಯ ದಿನ ಯಾವ ಫೋನೂ ಬರಲಿಲ್ಲ. ಐದನೆಯ ದಿನ ಬೆಳಗ್ಗೆ ಅವರು ತೀರಿಕೊಂಡರು.

ಹಾಳೆ ಅವರನ್ನು ಮುಟ್ಟಿತೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ಮಗಳನ್ನು ಕೇಳುವುದಾದರೂ ಹೇಗೆ? ಹೀಗೇ ಹತ್ತು ದಿನ ಕಳೆದವು. ಕಯೋಕೊ ಸಾನ್ ಕೆಳಗಿನ ಮನೆ ಖಾಲಿ ಮಾಡಲು ಬಂದ ದಿನ, ತೋಟದಲ್ಲಿ ಬುಟ್ಟಿಯ ಹಗ್ಗ ಮೆಲ್ಲಗೆ ಅಲ್ಲಾಡಿತು. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಅವರು ಒಂದು ಪ್ಲಾಸ್ಟಿಕ್ ಚೀಲವನ್ನು ಬುಟ್ಟಿಯಲ್ಲಿಟ್ಟು, ಎಳೆಯಿರಿ ಎಂದು ಸನ್ನೆ ಮಾಡಿದರು. ಮೇಲೆಳೆದೆ.

ಮೂವತ್ತೊಂದನೆಯ ಪುಟ. ನನ್ನ ಸೊಟ್ಟ ಗೆರೆ, ಐದು ಇಪ್ಪತ್ತು, ನನ್ನ ಪುಟ್ಟ ಮೊಹರು. ಅದರ ಪಕ್ಕದಲ್ಲಿ, ಚೌಕದಿಂದ ಹೊರಗೆ ಹೋಗುವಷ್ಟು ದೊಡ್ಡದಾಗಿ, ಕೆಂಪು ಶಾಯಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

"ನಾಲ್ಕನೆಯ ದಿನ ಮಧ್ಯಾಹ್ನ ಕೊಟ್ಟರಂತೆ" ಎಂದು ಕಯೋಕೊ ಸಾನ್ ಕೆಳಗಿನಿಂದ ಹೇಳಿದರು. ಮಾಸ್ಕಿನ ಮೇಲಿನ ಕಣ್ಣುಗಳು ಒದ್ದೆಯಾಗಿದ್ದವು. "ಅಪ್ಪ ಕನ್ನಡಕ ಕೇಳಿ ಹಾಕಿಸಿಕೊಂಡು ಮೂರು ಸಲ ಓದಿದರಂತೆ. ಹಾಂಕೋ ಇರಲಿಲ್ಲ, ನರ್ಸ್ ಆಫೀಸಿನಿಂದ ಶಾಯಿ ತಂದುಕೊಟ್ಟರು. ಆಮೇಲೆ ಎರಡು ಚಮಚ ಗಂಜಿ ಕುಡಿದರು. ನಿಮಗೊಂದು ಮಾತು ಹೇಳಿ ಕಳಿಸಿದ್ದಾರೆ."

"ಏನಂತ?"

"ಬಾಗಿಲು ತೆರೆದದ್ದು ಆರು ಹತ್ತಕ್ಕೇ. ಅದನ್ನು ಮಾತ್ರ ತಿದ್ದಬೇಡಿ ಅಂತ ಸುಮಾ ಸಾನ್‌ಗೆ ಹೇಳಿ, ಅಂದರಂತೆ."

ಹಡಗಿನ ಚರಿತ್ರೆ ಆ ವರ್ಷದ ಕೊನೆಗೆ ಅಚ್ಚಾಯಿತು, ತೆಳುವಾದ ಪುಸ್ತಕ. ಯುದ್ಧ ಮುಗಿದ ಮೇಲೆ ಆ ಹಡಗು ತಾನೇ ಹಾಕಿದ್ದ ಬಲೆಗಳನ್ನು ಬಂದರು ಬಂದರಿಗೂ ಹೋಗಿ ಮೇಲೆತ್ತಿ, ಆಮೇಲೆ ಗುಜರಿಗೆ ಹೋಯಿತು ಎಂಬಲ್ಲಿಗೆ ಅದು ಮುಗಿಯುತ್ತದೆ. ಮೂವತ್ತೊಂದನೆಯ ಪುಟವನ್ನು ಹೊಸದಾಗಿ ಜೋಡಿಸುತ್ತೇನೆ, ಚೊಕ್ಕವಾಗಿರುತ್ತದೆ ಎಂದ ಮುದ್ರಕನ ಮೇಲೆ ರೇಗಿ, ನಮ್ಮ ಹಾಳೆಯ ಚಿತ್ರವನ್ನೇ ಹಾಕಿಸಿದೆ. ಆರು ಇಪ್ಪತ್ತರ ಮೇಲೆ ಎರಡು ಗೆರೆ ಇವೆ. ಅದರ ಮೇಲಿನ ಸಾಲಿನಲ್ಲಿ ಆರು ಹತ್ತು, ನಾವಿಕ ಮೊರಿತಾ, ನಲವತ್ತು ನಿಮಿಷ ತಡ ಎಂದು ಹಾಗೆಯೇ ಇದೆ. ಅದನ್ನು ನಾನು ಮುಟ್ಟಲಿಲ್ಲ.